ಮಡಿಲ ನಾಯಿಯ ತೂಕ

ನಮ್ಮ ಮನೆಯ ಚಿನ್ನಿಯನ್ನು ಪಶುವೈದ್ಯರ ತೂಕದ ಯಂತ್ರದ ಮೇಲೆ ನಿಲ್ಲಿಸಿದ ದಿನ ನನಗಾದ ಅವಮಾನವನ್ನು ಸುಲಭವಾಗಿ ಮರೆಯಲಾರೆ. ಈಗಿನ ಯಂತ್ರಗಳಲ್ಲಿ ಮುಳ್ಳು ಎಂಬುದಿಲ್ಲ. ಕೆಂಪು ಅಂಕೆಗಳು ಒಂದೆರಡು ಸಲ ಮಿಣುಕಿ 9.4 ಎಂದು ನಿಂತುಬಿಟ್ಟವು. ಇರಬೇಕಾದದ್ದು 6 ಕಿಲೋ. ವೈದ್ಯೆ ಚಿಕ್ಕ ವಯಸ್ಸಿನವರು, ಬಹಳ ವಿನಯವಂತೆ. "ಸರ್, ತಪ್ಪು ತಿಳಿಯಬೇಡಿ, ನಿಮ್ಮ ತೂಕ ಎಷ್ಟು?" ಎಂದು ಕೇಳಿದರು. 68 ಎಂದೆ. ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, "ನೀವು 106 ಕಿಲೋ ಆಗಿದ್ದರೆ ಹೇಗೆ ಮೆಟ್ಟಿಲು ಹತ್ತುತ್ತಿದ್ದಿರೋ ಇದು ಈಗ ಹಾಗೆ ಹತ್ತುತ್ತಿದೆ" ಎಂದರು.

ನಾವು ಹೋಗಿದ್ದದ್ದು ತೂಕಕ್ಕಾಗಿ ಅಲ್ಲ, ಕೆಮ್ಮಿಗಾಗಿ. ಮನೆಗೆ ಯಾರಾದರೂ ಬಂದರೆ, ನಾನು ಪೇಟೆಯಿಂದ ಹಿಂದಿರುಗಿದರೆ, ಚಿನ್ನಿಗೆ ಆನಂದ ಉಕ್ಕುತ್ತಿತ್ತು. ಆನಂದ ಉಕ್ಕಿದೊಡನೆ ಬಾತುಕೋಳಿ ಕೂಗಿದಂತೆ ಕೆಮ್ಮು ಬರುತ್ತಿತ್ತು. ಸಣ್ಣ ಜಾತಿಯ ನಾಯಿಗಳಲ್ಲಿ ಉಸಿರುಕೊಳವೆಯ ಮೃದ್ವಸ್ಥಿಯ ಬಳೆಗಳು ಸಡಿಲವಾಗಿ ಕೊಳವೆ ಚಪ್ಪಟೆಯಾಗುವುದುಂಟಂತೆ. ಕತ್ತಿನ ಸುತ್ತ, ಎದೆಯ ಒಳಗೆ ಕೊಬ್ಬು ತುಂಬಿದರೆ ಅದು ಇನ್ನಷ್ಟು ಕೆಡುತ್ತದೆ. ಮಾತ್ರೆಗಳನ್ನು ಬರೆದುಕೊಟ್ಟು, "ಇವೆಲ್ಲ ಆಮೇಲಿನ ಮಾತು. ಮೊದಲ ಔಷಧ ಮೈ ಇಳಿಸುವುದು. ಬೇಸಗೆ ಬರುವುದರೊಳಗೆ ಸ್ವಲ್ಪವಾದರೂ ಇಳಿಯಬೇಕು" ಎಂದು ವೈದ್ಯೆ ಹೇಳಿದರು. ಬೇಸಗೆಯೊಳಗೆ ಇಳಿಯದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದು ಒಂದು ದಿನ ಪೆನ್ನು ಕಾಗದ ಹಿಡಿದು ಕುಳಿತೆ. ನನ್ನ ತಾಯಿಗೆ 84 ವರ್ಷ. ಕಣ್ಣು ಮಂಜಾಗಿದೆ; ಕೈ ಮಾತ್ರ ಇನ್ನೂ ಚುರುಕು. ಬೆಳಿಗ್ಗೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಮಧ್ಯಾಹ್ನ ತಮ್ಮ ಎಲೆಯಿಂದ ಮೊಸರನ್ನದ ಕೈತುತ್ತು, ಸಂಜೆ ಕೋಡುಬಳೆಯ ಮುರುಕು, ರಾತ್ರಿ ತುಪ್ಪ ಸವರಿದ ಚಪಾತಿಯ ಚೂರು, ನಡುನಡುವೆ ಮತ್ತೆ ಬಿಸ್ಕತ್ತು. ಎಲ್ಲವನ್ನೂ ಕೂಡಿದಾಗ ದಿನಕ್ಕೆ 600 ಕ್ಯಾಲೊರಿ ಮುಟ್ಟಿತು. ನಾನು ಶೂರನಂತೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಅಮ್ಮ ಮಾತಾಡಲಿಲ್ಲ. ಮೂರನೆಯ ದಿನ ಅಮ್ಮನ ಸೀರೆಯ ಸೆರಗಿನಲ್ಲಿ ಕಟ್ಟಿದ್ದ ಚಪಾತಿಯ ತುಂಡನ್ನು ಚಿನ್ನಿ ಮೂಸಿ ತೋರಿಸಿಕೊಟ್ಟಿತು. ನಾಯಿಗೆ ಗುಟ್ಟು ಮುಚ್ಚಿಡಲು ಬರುವುದಿಲ್ಲ.

ಮೂವತ್ತು ವರ್ಷ ಕಾಲೇಜಿನ ಹುಡುಗರಿಗೆ ಇತಿಹಾಸ ಹೇಳಿದವನಿಗೆ ಮನೆಯಲ್ಲಿ ಸೋಲಾದಾಗ ಪುಸ್ತಕದ ಕಡೆ ಓಡುವುದೊಂದೇ ದಾರಿ. ಈ ಸಣ್ಣ ನಾಯಿ ನಮ್ಮ ಮಡಿಲಿಗೆ ಯಾವಾಗ ಬಂದಿತು, ಅದಕ್ಕೆ ಮೈ ಬಂದದ್ದು ಹೇಗೆ, ಅದನ್ನು ಇಳಿಸಲು ಹಿಂದಿನವರು ಏನು ಮಾಡಿದರು ಎಂದು ಹುಡುಕುತ್ತ ಹೋದೆ. ಹುಡುಕಿದ್ದರಲ್ಲಿ ಕೆಲವನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಕನ್ನಡನಾಡಿನ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡ ನಾಯಿ ಮಡಿಲ ನಾಯಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಅನೇಕರು ನೋಡಿರಬಹುದು. ಕ್ರಿ. ಶ. 949ರ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಏನು ಬೇಕೋ ಕೇಳು ಎಂದನಂತೆ. ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ನಾಯಿ ಹಂದಿ ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಡಿಸಿದ. ಆ ಕಲ್ಲನ್ನು ಪೂಜಿಸದೆ ಪೂಜಾರಿ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದು ಶಾಸನವೇ ಕಟ್ಟಳೆ ಹಾಕಿದೆ. ನಾಯಿಗೆ ಸಲ್ಲಿಸಿ ಆಮೇಲೆ ತಾನು ಉಣ್ಣಬೇಕು! ನನ್ನ ತಾಯಿಗೆ ಇದನ್ನು ಓದಿ ಹೇಳಿದ್ದು ನನ್ನ ತಪ್ಪು. "ನೋಡಿದೆಯಾ, ಆಗಿನವರಿಗೆ ಬುದ್ಧಿ ಇತ್ತು" ಎಂದರು.

ಕಾಳಿಯಂಥ ನಾಯಿಯ ತೂಕವನ್ನು ಯಾರೂ ನೋಡಬೇಕಾಗಿರಲಿಲ್ಲ. ಕಾಡೇ ನೋಡಿಕೊಳ್ಳುತ್ತಿತ್ತು. ಮಡಿಲ ನಾಯಿಯ ವಂಶ ಬೇರೆ. ಕೆಲಸವಿಲ್ಲದ, ಮುದ್ದಿಗಾಗಿಯೇ ಸಾಕಿದ ಪುಟ್ಟ ನಾಯಿ ಗ್ರೀಕರಲ್ಲಿ ಆಗಲೇ ಇದ್ದಿತು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಮನುಷ್ಯ ಸ್ವಭಾವಗಳನ್ನು ಚಿತ್ರಿಸುತ್ತ, ತನ್ನ ಮೆಲಿಟಾ ನಾಯಿ ಸತ್ತಾಗ ಅದಕ್ಕೆ ಗೋರಿಕಲ್ಲು ನಿಲ್ಲಿಸಿ ಬರಹ ಕೆತ್ತಿಸುವ ಒಬ್ಬ ಬಡಾಯಿಗಾರನನ್ನು ಗೇಲಿ ಮಾಡಿದ್ದಾನೆ. ಕಾಳಿಗೆ ಕಲ್ಲು ನಿಲ್ಲಿಸಿದರೆ ವೀರಪೂಜೆ, ಮಡಿಲ ನಾಯಿಗೆ ನಿಲ್ಲಿಸಿದರೆ ನಗೆಪಾಟಲು. ಈ ಭೇದ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಮಡಿಲ ನಾಯಿ ಯೂರೋಪಿನಲ್ಲಿ ದೊಡ್ಡ ಮನೆಗಳಿಂದ ಸಾಮಾನ್ಯರ ಮನೆಗಳಿಗೆ ಇಳಿದು ಬಂದದ್ದು 19ನೆಯ ಶತಮಾನದಲ್ಲಿ. ಇದಕ್ಕೆ ಒಂದು ಬಾಗಿಲು ತೆರೆದದ್ದು ಯುದ್ಧ. 1860ರಲ್ಲಿ ಇಂಗ್ಲಿಷರ ಮತ್ತು ಫ್ರೆಂಚರ ಸೈನ್ಯ ಪೆಕಿಂಗಿನ ಬೇಸಗೆಯ ಅರಮನೆಯನ್ನು ಸೂರೆಮಾಡಿತು. ಚೀನಾದ ಅರಮನೆಯಲ್ಲಿ ಸಾಕುತ್ತಿದ್ದ ಚಪ್ಪಟೆ ಮೂಗಿನ ಐದು ಪುಟ್ಟ ನಾಯಿಗಳು ಆಗ ಸಿಕ್ಕಿದವು. ಅವುಗಳಲ್ಲಿ ಒಂದನ್ನು ಕ್ಯಾಪ್ಟನ್ ಡನ್ ಎಂಬ ಅಧಿಕಾರಿ ತಂದು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟ. ಅದಕ್ಕಿಟ್ಟ ಹೆಸರು ಲೂಟಿ! ಲೂಟಿ ಎಂಬ ನಮ್ಮ ಮಾತನ್ನು ಇಂಗ್ಲಿಷರು ಭಾರತದಲ್ಲಿ ಕಲಿತರು, ಚೀನಾದಲ್ಲಿ ಪ್ರಯೋಗಿಸಿದರು, ಅರಮನೆಯ ನಾಯಿಗೆ ನಾಮಕರಣ ಮಾಡಿದರು. ನಾಚಿಕೆ ಎಂಬ ಮಾತನ್ನೂ ಜೊತೆಯಲ್ಲಿ ಕಲಿಯಬಹುದಾಗಿತ್ತು. ಆ ನಾಯಿ ಬ್ರೆಡ್ಡು ಹಾಲನ್ನು ಮುಟ್ಟುವುದಿಲ್ಲ, ಬೇಯಿಸಿದ ಅನ್ನಕ್ಕೆ ಒಂದಿಷ್ಟು ಕೋಳಿಯನ್ನೂ ಅದರ ರಸವನ್ನೂ ಕಲಸಿಕೊಟ್ಟರೆ ತಿನ್ನುತ್ತದೆ ಎಂದು ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಮೇಲಿನವರಿಗೆ ಕಾಗದ ಬರೆದಿದ್ದಳು. ದೂರದ ದೇಶದಿಂದ ಕದ್ದುತಂದ ಪ್ರಾಣಿಯೊಂದು ಒಗ್ಗದ ಮನೆಯಲ್ಲಿ ಅನ್ನಕ್ಕಾಗಿ ಹಂಬಲಿಸಿದ ಈ ಚಿತ್ರ ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಲೂಟಿ 1872ರಲ್ಲಿ ಸತ್ತಿತು.

ಅದೇ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದಾಗ ಮಾರ್ಕೊ ಎಂಬ ಚಿಕ್ಕ ಪೊಮೇರಿಯನ್ ನಾಯಿಯನ್ನು ಕೊಂಡು ತಂದಳು. ಅದರ ತೂಕ ಸುಮಾರು 12 ಪೌಂಡು, ಎಂದರೆ ಐದೂವರೆ ಕಿಲೋ. ಅಲ್ಲಿಯವರೆಗೆ ಇಂಗ್ಲೆಂಡಿನ ಪೊಮೇರಿಯನ್ನುಗಳು ಇದಕ್ಕಿಂತ ದೊಡ್ಡವು. ರಾಣಿ ಮುದ್ದು ಮಾಡಿದ್ದು ಚಿಕ್ಕದಾದ್ದರಿಂದ ಜನಕ್ಕೂ ಚಿಕ್ಕದೇ ಬೇಕಾಯಿತು. 1901ರಲ್ಲಿ ಆಕೆ ಸಾಯುವಾಗ ಹಾಸಿಗೆಯ ಮೇಲೆ ಟೂರಿ ಎಂಬ ಪೊಮೇರಿಯನ್ ಇದ್ದಿತು. ನಮ್ಮಲ್ಲಿ ಪೊಮೇರಿಯನ್ ಎಂದು ಕರೆಯುವುದು ಬಹುಪಾಲು ಅದರ ದಾಯಾದಿಯಾದ ಇಂಡಿಯನ್ ಸ್ಪಿಟ್ಜ್. ಚಿನ್ನಿಯೂ ಅದೇ. ಸಾಕಿದವರಿಗೆ ಈ ಭೇದ ತಿಳಿಯದು, ಬೇಕಾಗಿಯೂ ಇಲ್ಲ.

ಈಗ ಮೈ ಬರುವ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ನಾಯಿಯ ರೋಗಗಳನ್ನೇ ಕುರಿತು ಗ್ರಂಥ ಬರೆದವರಲ್ಲಿ ಡೆಲಬೇರ್ ಬ್ಲೇನ್ ಮೊದಲಿಗರಲ್ಲಿ ಒಬ್ಬ. ಅವನ ಪುಸ್ತಕ 1817ರದು. ಅವನ ಜೊತೆಗಾರ ವಿಲಿಯಂ ಯೂಯಟ್ಟನ ಗ್ರಂಥ 1845ರದು. ಅತಿಯಾಗಿ ಉಣ್ಣಿಸಿ ಕೋಣೆಯಲ್ಲಿ ಕೂಡಿಹಾಕಿದ ಮುದ್ದಿನ ನಾಯಿಗಳಿಗೆ ಬರುವ ಏದುಸಿರನ್ನು ಇಬ್ಬರೂ ಬಲ್ಲರು. ಆ ಶತಮಾನದುದ್ದಕ್ಕೂ ಚಿತ್ರಗಾರರಿಗೆ, ಹಾಸ್ಯಲೇಖಕರಿಗೆ ದಪ್ಪ ನಾಯಿ ಮತ್ತು ಅದರ ಒಡತಿ ಹೇಳಿಮಾಡಿಸಿದ ವಸ್ತು. ಒಡತಿ ಸಾಮಾನ್ಯವಾಗಿ ವಿಧವೆ, ಇಲ್ಲವೆ ಮದುವೆಯಾಗದ ಮುದುಕಿ. ಗಂಡಸರ ಬೇಟೆನಾಯಿ ಹಸಿದಿದ್ದರೆ ಶಿಸ್ತು, ಹೆಂಗಸಿನ ಮಡಿಲ ನಾಯಿ ಉಂಡಿದ್ದರೆ ಮೂರ್ಖತನ. ಆ ಒಡತಿಯ ಕೈಗೆ ಲೋಕ ಬೇರೆ ಏನನ್ನು ಕೊಟ್ಟಿತ್ತು ಎಂದು ಯಾರೂ ಕೇಳಿದಂತೆ ಕಾಣೆ. ಈ ಪುಟಗಳನ್ನು ತಿರುವಿಹಾಕುವಾಗ ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿ ಸ್ವಲ್ಪ ಭಾರವಾಯಿತು ಎಂದು ಒಪ್ಪಿಕೊಳ್ಳಬೇಕು.

ಬಿಸ್ಕತ್ತಿನ ಕಥೆಯೂ ಇದೇ ಕಾಲದ್ದು. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಸಿಡಿಲು ತಡೆಯುವ ಸಲಾಕಿಗಳನ್ನು ಮಾರಲು ಇಂಗ್ಲೆಂಡಿಗೆ ಬಂದಿದ್ದ. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ಆಸೆಯಿಂದ ತಿನ್ನುವುದನ್ನು ಕಂಡು ಅವನಿಗೆ ಹೊಳೆಯಿತು ಎಂದು ಹೇಳುತ್ತಾರೆ. 1860ರ ಸುಮಾರಿಗೆ ಗೋಧಿ, ತರಕಾರಿ, ಬೀಟ್ರೂಟು, ಮಾಂಸ ಸೇರಿಸಿದ ನಾಯಿಯ ಬಿಸ್ಕತ್ತು ಅಂಗಡಿಗೆ ಬಂದಿತು. ಅದನ್ನು ಮಾರಲು ಸೇರಿಕೊಂಡ ಚಾರ್ಲ್ಸ್ ಕ್ರಫ್ಟ್ ಎಂಬ ಹುಡುಗ ಮುಂದೆ ಲೋಕಪ್ರಸಿದ್ಧವಾದ ನಾಯಿಗಳ ಪ್ರದರ್ಶನವನ್ನು ಕಟ್ಟಿದ. ಅಲ್ಲಿಯವರೆಗೆ ನಾಯಿ ಮನೆಯವರು ಉಂಡು ಮಿಕ್ಕಿದ್ದನ್ನು ತಿನ್ನುತ್ತಿತ್ತು. ಈಗ ಅದಕ್ಕೆಂದೇ ಒಂದು ಡಬ್ಬಿ, ಡಬ್ಬಿಗೊಂದು ಸದ್ದು. ಆ ಸದ್ದಿನ ಮಹಿಮೆಯನ್ನು ರಷ್ಯದ ಪಾವ್ಲೊವ್ ಲೋಕಕ್ಕೆ ತಿಳಿಸಿಕೊಟ್ಟ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ಅವನು, ಆಹಾರದೊಡನೆ ಪದೇ ಪದೇ ಬರುವ ಯಾವ ಗುರುತಾದರೂ ಸರಿಯೆ, ಕೊನೆಗೆ ಆ ಗುರುತಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದ. ಎಂದರೆ, ಡಬ್ಬಿ ಸದ್ದಾದಾಗ ಚಿನ್ನಿ ಓಡಿಬಂದು ಹಿಂಗಾಲ ಮೇಲೆ ನಿಲ್ಲುವುದು ಹಸಿವಲ್ಲ, ಪಾಠ. ಪಾಠ ಕಲಿಸಿದವರು ನಾವು. ನಾನೂ ಸೇರಿದಂತೆ.

ನಾಯಿಯನ್ನು ತೆಳ್ಳಗೆ ಮಾಡುವ ವಿದ್ಯೆ ಹುಟ್ಟಿದ ಬಗೆ ಇನ್ನೂ ವಿಚಿತ್ರ. ಅದು ಮನುಷ್ಯನ ಮೂಲಕ ಸುತ್ತಿಕೊಂಡು ಬಂದಿತು. ಪ್ಯಾರಿಸ್ಸಿನ ಕ್ಲೋಡ್ ಬರ್ನಾರ್ 1848ರಲ್ಲಿ ಬರಿಯ ಮಾಂಸ ತಿನ್ನಿಸಿದ ನಾಯಿಯ ಪಿತ್ತಜನಕಾಂಗದಿಂದ ಹೊರಡುವ ರಕ್ತದಲ್ಲಿ ಸಕ್ಕರೆಯನ್ನು ಕಂಡ. ಸಕ್ಕರೆ ತಿನ್ನದ ಪ್ರಾಣಿಯ ಒಡಲೇ ಸಕ್ಕರೆ ಮಾಡುತ್ತದೆ ಎಂಬುದು ಆಗ ದೊಡ್ಡ ಸುದ್ದಿ. ಈ ಚರ್ಚೆಗಳನ್ನು ಪ್ಯಾರಿಸ್ಸಿನಲ್ಲಿ ಕೇಳಿ ಬಂದ ಲಂಡನ್ನಿನ ಕಿವಿಯ ವೈದ್ಯ ವಿಲಿಯಂ ಹಾರ್ವೆಯ ಬಳಿಗೆ ಕಿವಿ ಮಂದವಾಗಿದೆ ಎಂದು ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ವೃದ್ಧ ಬಂದ. ಶವಸಂಸ್ಕಾರದ ಏರ್ಪಾಟು ಮಾಡುವುದು ಅವನ ಮನೆತನದ ಕಸುಬು. ಎತ್ತರ ಐದು ಅಡಿ ಐದು ಅಂಗುಲ, ತೂಕ 202 ಪೌಂಡು. ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗೆಡ್ಡೆ ಬಿಡು ಎಂದು ಹಾರ್ವೆ ಹೇಳಿದ. ಬ್ಯಾಂಟಿಂಗ್ ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿದ. ಆ ಸಂತೋಷಕ್ಕೆ 1863ರಲ್ಲಿ ಸ್ವಂತ ಖರ್ಚಿನಿಂದ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಹಂಚಿದ. ಅದು ಎಷ್ಟು ಹರಡಿತೆಂದರೆ, ಪಥ್ಯ ಮಾಡುವುದಕ್ಕೆ ಸ್ವೀಡನ್ನಿನ ಭಾಷೆಯಲ್ಲಿ ಇಂದಿಗೂ ಅವನ ಹೆಸರಿನಿಂದ ಬಂದ ಕ್ರಿಯಾಪದವೇ ಉಂಟು. ಹೀಗೆ ನಾಯಿಯ ಒಡಲಿನಿಂದ ಕಲಿತ ಪಾಠದಿಂದ ಮನುಷ್ಯ ಮೈ ಇಳಿಸಿಕೊಂಡ. ನಾಯಿಯ ಸರದಿ ಬರಲು ಬಹಳ ಕಾಲ ಹಿಡಿಯಿತು.

ಚಿನ್ನಿಯಂಥ ಸಣ್ಣ ನಾಯಿಗೆ ಹತ್ತಿರವಾದ ಪಾಠ ಸಿಕ್ಕಿದ್ದು ಜರ್ಮನಿಯ ಮ್ಯೂನಿಕ್ಕಿನಲ್ಲಿ. ಮ್ಯಾಕ್ಸ್ ರುಬ್ನರ್ 1883ರಲ್ಲಿ ಬೇರೆ ಬೇರೆ ಗಾತ್ರದ ನಾಯಿಗಳು ದಿನಕ್ಕೆ ಎಷ್ಟು ಶಾಖ ಖರ್ಚು ಮಾಡುತ್ತವೆ ಎಂದು ಲೆಕ್ಕ ಹಾಕಿದ. ದೊಡ್ಡದು 31 ಕಿಲೋ, ಚಿಕ್ಕದು 3 ಕಿಲೋ. ದೊಡ್ಡ ನಾಯಿ ಮೈಯ ಒಂದೊಂದು ಕಿಲೋವಿಗೆ ಸುಮಾರು 36 ಕ್ಯಾಲೊರಿ ಸುಟ್ಟರೆ ಚಿಕ್ಕದು 88 ಸುಡುತ್ತಿತ್ತು. ಕಾರಣವನ್ನು ನಮ್ಮ ಅಡಿಗೆಮನೆಯಲ್ಲಿಯೇ ನೋಡಬಹುದು. ಕೊಳದಪ್ಪಲೆಯ ತುಂಬ ಕಾಯಿಸಿದ ನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಅದೇ ನೀರನ್ನು ಲೋಟಕ್ಕೆ ಬಗ್ಗಿಸಿದರೆ ಮಾತು ಮುಗಿಯುವುದರೊಳಗೆ ಆರುತ್ತದೆ. ಸಣ್ಣ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮವೇ ಹೆಚ್ಚು. ಮುಂದೆ 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಈ ಲೆಕ್ಕವನ್ನು ತಿದ್ದಿದ. ಚರ್ಮದ ಮಾತೊಂದೇ ಸಾಲದೆಂದು ತೋರಿತು. ಇಂದು ಪಶುವೈದ್ಯರು ಬಳಸುವ ಸೂತ್ರದ ಮೂಲ ಕ್ಲೈಬರನ ಲೆಕ್ಕವೇ.

ಹಾಗಾದರೆ ಕಿಲೋವಿಗೆ ಹೆಚ್ಚು ಸುಡುವ ಸಣ್ಣ ನಾಯಿಗೆ ಮೈ ಬರುವುದೇಕೆ? ನಾನೂ ಇಲ್ಲಿ ಒಂದು ಸಂಜೆ ಎಡವಿ ನಿಂತೆ. ಉತ್ತರ ಸರಳ: ಕಿಲೋಗಳೇ ಕಡಿಮೆ. ಸೂತ್ರದ ಪ್ರಕಾರ 6 ಕಿಲೋ ನಾಯಿ ಸುಮ್ಮನೆ ಮಲಗಿದ್ದರೆ ದಿನಕ್ಕೆ ಬೇಕಾದದ್ದು ಸುಮಾರು 270 ಕ್ಯಾಲೊರಿ. ಮೈ ಇಳಿಸಲು ಹೊರಟ ನಾಯಿಗೆ ಕೊಡುವುದೂ ಹೆಚ್ಚು ಕಡಿಮೆ ಅಷ್ಟೆ. ಒಂದು ಸಾಧಾರಣ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 20 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ಉಣ್ಣುವ ನನಗೆ ಅದು ನೂರರಲ್ಲಿ ಒಂದು ಪಾಲು, ಚಿನ್ನಿಗೆ ಏಳು ಪಾಲು. ಚಿನ್ನಿಯ ಒಂದು ಬಿಸ್ಕತ್ತು ನನ್ನ ಮೂರು ಇಡ್ಲಿಗೆ ಸಮ. ನಾನು ಊಟಗಳ ನಡುವೆ ಯಾರೋ ಪ್ರೀತಿಯಿಂದ ಕೊಟ್ಟರೆಂದು ದಿನಕ್ಕೆ ಐದು ಸಲ ಮೂರು ಮೂರು ಇಡ್ಲಿ ತಿಂದರೆ ಯಾವ ಗತಿಗೆ ಬಂದೇನು! ಅಕ್ಕಪಕ್ಕದ ಮನೆಯ ದೊಡ್ಡ ಲ್ಯಾಬ್ರಡಾರ್ ನಾಯಿಗೆ ಬಿಸ್ಕತ್ತು ಕೊಡುವ ಕೈಗೂ ಚಿನ್ನಿಗೆ ಕೊಡುವ ಕೈಗೂ ಅಳತೆಯ ಭೇದ ತಿಳಿಯುವುದಿಲ್ಲ. ಕೈ ಒಂದೇ, ಮುದ್ದು ಒಂದೇ, ನಾಯಿ ಮಾತ್ರ ಚಿಕ್ಕದು.

ದಪ್ಪ ಮಡಿಲ ನಾಯಿಗಳಲ್ಲೆಲ್ಲ ಅತಿ ಪ್ರಸಿದ್ಧವಾದದ್ದು ಯಾರ್ಕ್‌ಷೈರಿನ ಟ್ರಿಕಿ ವೂ. ಥರ್ಸ್ಕ್ ಎಂಬ ಸಣ್ಣ ಊರಿನಲ್ಲಿ 1940ರಿಂದ ಪಶುವೈದ್ಯನಾಗಿದ್ದ ಆಲ್ಫ್ ವೈಟ್, ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಬರೆದ ಕಥೆಗಳಲ್ಲಿ ಅದು ಬರುತ್ತದೆ. ಅವನ ಮೊದಲ ಪುಸ್ತಕ 1970ರಲ್ಲಿ ಹೊರಬಿತ್ತು. ಸಿರಿವಂತ ವಿಧವೆಯ ಪೆಕಿನೀಸ್ ನಾಯಿ ಕೇಕು ಕ್ರೀಮು ತಿಂದು ಏಳಲಾರದ ಸ್ಥಿತಿಗೆ ಬಂದಾಗ ಹೆರಿಯಟ್ ಅದನ್ನು ತನ್ನ ಚಿಕಿತ್ಸಾಲಯಕ್ಕೆ ಕೊಂಡೊಯ್ಯುತ್ತಾನೆ. ಎರಡು ದಿನ ನೀರು ಮಾತ್ರ, ಊಟವಿಲ್ಲ. ಆಮೇಲೆ ಬೇರೆ ನಾಯಿಗಳೊಡನೆ ಓಟ, ಕಿತ್ತಾಟ. ನಾಯಿ ಗೆಲುವಾಗುತ್ತದೆ. ಅದರ ಚೇತರಿಕೆಗೆಂದು ಒಡತಿ ಕಳಿಸಿದ ಮೊಟ್ಟೆ, ವೈನು, ಬ್ರಾಂದಿಗಳನ್ನು ವೈದ್ಯರು ತಾವೇ ಸವಿಯುತ್ತಾರೆ. ಬಹು ರಸವತ್ತಾದ ಕಥೆ. ನಾನು ಪುಸ್ತಕವನ್ನು ನಮ್ಮ ವೈದ್ಯೆಗೆ ತೋರಿಸಿ, ಚಿನ್ನಿಯನ್ನು ಎರಡು ದಿನ ಉಪವಾಸ ಕೆಡವೋಣವೆ ಎಂದು ಕೇಳಿದೆ. "ಅದು ಕಥೆಗೆ ಚೆನ್ನ. ವಾರಕ್ಕೆ ಮೈತೂಕದಲ್ಲಿ ನೂರಕ್ಕೆ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು. ಅಷ್ಟು ಇಳಿಸಿ ಸಾಕು, ಸರ್" ಎಂದರು. ಚಿನ್ನಿಗೆ ವಾರಕ್ಕೆ 90 ಗ್ರಾಮಿನ ಲೆಕ್ಕ. ಮನೆಯಲ್ಲಿ ಉಪವಾಸದ ಮಾತು ಕೇಳಿಸಿಕೊಂಡ ಅಮ್ಮ, "ಬೇಕಾದರೆ ಏಕಾದಶಿ ಮಾಡಿಸೋಣ, ದ್ವಾದಶಿ ಪಾರಣೆ ನನಗೆ ಬಿಡು" ಎಂದರು.

ಹೆರಿಯಟ್ಟನ ಪುಸ್ತಕ ಬಂದ 1970ರಲ್ಲಿಯೇ ದಪ್ಪ ನಾಯಿಗಳನ್ನು ಎಣಿಸುವ ಕೆಲಸವೂ ಇಂಗ್ಲೆಂಡಿನಲ್ಲಿ ಮೊದಲಾಯಿತು. 1986ರಲ್ಲಿ ಪ್ರಕಟವಾದ ಎಣಿಕೆಯಲ್ಲಿ 8000ಕ್ಕೂ ಮಿಕ್ಕಿದ ನಾಯಿಗಳಲ್ಲಿ ನೂರಕ್ಕೆ 24 ದಪ್ಪನೆಯವು. ದಪ್ಪಗಿದ್ದರೇನು ನಷ್ಟ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಕಾಯಬೇಕಾಯಿತು. ಅಮೆರಿಕದಲ್ಲಿ 1987ರಿಂದ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಬೆಳೆಸಿದರು. ಒಂದಕ್ಕೆ ಹಾಕಿದ್ದಕ್ಕಿಂತ ಕಾಲುಭಾಗ ಕಡಿಮೆ ಅದರ ಜೊತೆಯದಕ್ಕೆ, ಹೀಗೆ ಬದುಕಿದ್ದಷ್ಟು ಕಾಲ. 2002ರಲ್ಲಿ ಫಲ ಪ್ರಕಟವಾಯಿತು: ಕಡಿಮೆ ಉಂಡವು ಸುಮಾರು 13 ವರ್ಷ, ಉಳಿದವು 11 ವರ್ಷದ ಮೇಲೆ ಸ್ವಲ್ಪ. 2019ರಲ್ಲಿ 12 ತಳಿಗಳ 50,000ಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದವರು, ದಪ್ಪಗಿರುವುದರಿಂದ ಆಯುಸ್ಸು ಎಲ್ಲ ತಳಿಗಳಲ್ಲೂ ಕುಗ್ಗುತ್ತದೆ, ಯಾರ್ಕ್‌ಷೈರ್ ಟೆರಿಯರಿನಂಥ ಸಣ್ಣ ತಳಿಯಲ್ಲಿ ಎರಡೂವರೆ ವರ್ಷದವರೆಗೂ ಕುಗ್ಗುತ್ತದೆ ಎಂದರು.

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಇಷ್ಟು ಗಟ್ಟಿಯಾದ ಆಧಾರದ ಮುಂದೆ ಯಾರು ನಿಂತಾರು ಎಂಬ ಭರವಸೆ ನನಗೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತದೆ, "ಅಲ್ಲ ಕಣೋ, ಹೊಟ್ಟೆ ತುಂಬ ಉಣ್ಣದೆ ಎರಡು ವರ್ಷ ಹೆಚ್ಚಿಗೆ ಬದುಕಿ ಆ ನಾಯಿ ಏನು ಸಾಧಿಸಿತು?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ಮುಂದುವರಿಸಿದರು. ನಾನು ಪಾಠಪುಸ್ತಕದಲ್ಲಿ 1965 ಎಂದು ಹೇಳಿಕೊಡುತ್ತಿದ್ದ ವರ್ಷ ಅವರಿಗೆ ಬೇರೆಯದೇ ವರ್ಷ. ಮಳೆ ಹೋಗಿತ್ತು, ಪಾಕಿಸ್ತಾನದೊಡನೆ ಯುದ್ಧವಾಗಿತ್ತು, ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ದೇಶವನ್ನು ಕೇಳಿದ್ದರು. ಅಮೆರಿಕದಿಂದ ಗೋಧಿ ಬರುತ್ತಿತ್ತು. ಹೊಸದಾಗಿ ಬಂದ ಸೊಸೆ, ಏಳು ಜನರ ಸಂಸಾರ; ಪಡಿತರದ ಅಕ್ಕಿಯನ್ನು ಪಾವಿನಲ್ಲಿ ಅಳೆದು, ಕೊಡಿ ಕಟ್ಟದೆ ಗೀಟಿ ಹಾಕುತ್ತಿದ್ದರಂತೆ. ಹಿತ್ತಲಿಗೆ ಒಂದು ಬೀದಿನಾಯಿ ಬರುತ್ತಿತ್ತು. ಹಾಕಲು ಏನೂ ಇರುತ್ತಿರಲಿಲ್ಲ. "ಅದು ಬಂದು ನಿಲ್ಲುತ್ತಿತ್ತು. ನಾನು ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಬರಲಿಲ್ಲ" ಎಂದಷ್ಟೇ ಹೇಳಿ ಬತ್ತಿಯನ್ನು ತಟ್ಟೆಯಲ್ಲಿಟ್ಟರು.

ಬೀರುವಿನ ಬೀಗದ ಕೈಯನ್ನು ಅಂದು ಸಂಜೆಯೇ ಅಮ್ಮನಿಗೆ ಒಪ್ಪಿಸಿದೆ. ವೈದ್ಯೆ ಹೇಳಿದ ಲೆಕ್ಕವನ್ನೂ ಹೇಳಿದೆ: ಇಡೀ ದಿನದ್ದನ್ನು ಬೆಳಿಗ್ಗೆಯೇ ಒಂದು ಕಡೆ ತೆಗೆದಿಡುವುದು, ಆಮೇಲೆ ಯಾರು ಯಾವಾಗ ಕೊಟ್ಟರೂ ಅದರಿಂದಲೇ ಕೊಡುವುದು. ಅಮ್ಮ ನಕ್ಕರು. "ಅಳೆಯುವುದನ್ನು ನೀನು ನನಗೆ ಹೇಳಿಕೊಡುತ್ತೀಯಾ?" ಅಟ್ಟದ ಮೇಲಿಂದ ನಮ್ಮ ಅಜ್ಜಿಯ ಕಾಲದ ಹಿತ್ತಾಳೆಯ ಪಾವು, ಅರೆಪಾವು, ಚಟಾಕುಗಳು ಇಳಿದು ಬಂದವು, ಹುಣಿಸೆಹಣ್ಣು ಹಾಕಿ ಉಜ್ಜಿಸಿಕೊಂಡವು. ವೈದ್ಯೆ ಗ್ರಾಮಿನಲ್ಲಿ ತೂಗಿಕೊಟ್ಟ ಒಣ ಆಹಾರ ಯಾವ ಅಳತೆಯಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ, ಬೆರಳಿಗೆ ಸಿಗುವಂತೆ ನಾನು ಒಳಗೊಂದು ಗೆರೆ ಗೀಚಿದೆ. ಆ ಒಣ ಗುಳಿಗೆಗಳ ವಾಸನೆಯನ್ನು ಅಮ್ಮ ಇಂದಿಗೂ ಕ್ಷಮಿಸಿಲ್ಲ. ಆದರೆ ಅಳತೆಗೆ ಚ್ಯುತಿ ಬರಲಿಲ್ಲ. ಬಿಸ್ಕತ್ತಿನ ಜಾಗಕ್ಕೆ ಉಪ್ಪಿಲ್ಲದೆ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿಯ ಹೋಳು ಬಂದವು. ಮಧ್ಯಾಹ್ನದ ಕೈತುತ್ತು ನಿಲ್ಲಲಿಲ್ಲ. ಅದು ನೆಲ್ಲಿಕಾಯಿ ಗಾತ್ರಕ್ಕೆ ಇಳಿಯಿತು. ಅದಕ್ಕೆ ತಕ್ಕಷ್ಟು ಗುಳಿಗೆಗಳು ಅಳತೆಯಿಂದ ಹಿಂದಕ್ಕೆ ಹೋದವು. ಅನ್ನವೇ ನಾಯಿಗೆ ಒಗ್ಗದು ಎನ್ನುವವರ ಮಾತನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಪಿಷ್ಟವನ್ನು ಜೀರ್ಣಿಸುವ ಶಕ್ತಿ ತೋಳಕ್ಕಿಂತ ನಾಯಿಗೆ ಬಹಳ ಹೆಚ್ಚೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಅದರ ವಂಶವಾಹಿಗಳನ್ನು ನೋಡಿಯೇ ಹೇಳಿದ್ದಾರೆ. ನಮ್ಮ ಒಲೆಯ ಪಕ್ಕದಲ್ಲಿ ಸಾವಿರಾರು ವರ್ಷ ಕುಳಿತಿದ್ದು ವ್ಯರ್ಥವಾಗಲಿಲ್ಲ.

ಮೊದಲ ತಿಂಗಳು ಏನೂ ಇಳಿಯಲಿಲ್ಲ. ವಿಚಾರಿಸಿದರೆ, ತಪ್ಪಿತಸ್ಥ ನಾನೇ. ಬೆಳಗಿನ ತಿರುಗಾಟದಲ್ಲಿ ಪಾರ್ಕಿನ ಬೆಂಚಿನ ಮೇಲೆ ಕುಳಿತು ನಾನು ತಿನ್ನುತ್ತಿದ್ದ ರಸ್ಕಿನ ಕೊನೆ ಚಿನ್ನಿಗೆ ಸಲ್ಲುತ್ತಿತ್ತು. ಅದು ಲೆಕ್ಕದ ಕಾಗದದಲ್ಲಿ ಇರಲೇ ಇಲ್ಲ! ಆಮೇಲೆ ವಾರಕ್ಕೆ ನೂರು ಗ್ರಾಂ, ಕೆಲವು ವಾರ ಐವತ್ತು, ದೀಪಾವಳಿಯ ವಾರ ಹಿಂದಕ್ಕೆ. ಬೇಸಗೆ ಬಂದಾಗ 8.1 ಇದ್ದಿತು. ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೆ ಮಧ್ಯಾಹ್ನದ ಸೆಕೆಯಲ್ಲಿ ಏದುಸಿರು ಬಿಡುತ್ತ ಬಚ್ಚಲುಮನೆಯ ಕಲ್ಲಿನ ಮೇಲೆ ಬಿದ್ದುಕೊಳ್ಳುವುದು ನಿಂತಿದೆ, ಮೂರು ಮೆಟ್ಟಿಲನ್ನು ತಾನೇ ಹತ್ತುತ್ತದೆ. ಈಗ 7.3.

ತೂಕದ ಅಂಕೆ ಅಮ್ಮನ ಕಣ್ಣಿಗೆ ಕಾಣುವುದಿಲ್ಲ. ನಾನು ಹೇಳಿದರೆ ನಂಬಬೇಕು, ಅಷ್ಟೆ. ಮಗನ ಮಾತನ್ನು ಅವರು ಎಂದೂ ಅಷ್ಟಾಗಿ ನಂಬಿದವರಲ್ಲ. ವೈದ್ಯೆ ಅವರಿಗೆ ಬೇರೆ ದಾರಿ ತೋರಿಸಿದರು. ಅಂಗೈಯನ್ನು ಒತ್ತಿದಂತೆ ಮೆತ್ತಗಿದ್ದರೆ ದಪ್ಪ, ಮುಷ್ಟಿಯ ಗೆಣ್ಣುಗಳಂತೆ ಚುಚ್ಚಿದರೆ ಬಡಕಲು, ಚಾಚಿದ ಮುಂಗೈಯ ಹಿಂಭಾಗದ ಮೂಳೆಗಳು ಸಿಕ್ಕುವಂತೆ ಪಕ್ಕೆಲುಬು ಸಿಕ್ಕಿದರೆ ಸರಿ. ಅಂದಿನಿಂದ ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ಚಿನ್ನಿಯನ್ನು ಮಡಿಲಿಗೆಳೆದುಕೊಂಡು, ಬಿಳಿಯ ದಟ್ಟ ಕೂದಲೊಳಗೆ ಬೆರಳಾಡಿಸಿ ನೋಡುವುದು ಅವರ ದಿನಚರಿಯಾಯಿತು. ಅನೇಕ ವಾರ ಏನೂ ಹೇಳುತ್ತಿರಲಿಲ್ಲ. ಮೊನ್ನೆ ನಾನು ಒಳಗೆ ಪತ್ರಿಕೆ ಓದುತ್ತಿದ್ದಾಗ ಕೂಗಿದರು.

"ಬಾರೋ ಇಲ್ಲಿ. ಇಲ್ಲಿ ಕೈ ಇಡು. ಅಲ್ಲಲ್ಲ, ಇನ್ನೂ ಸ್ವಲ್ಪ ಹಿಂದೆ. ಸಿಕ್ಕಿತೆ?"

ಸಿಕ್ಕಿತು ಎಂದೆ.

"ಎರಡು ಸಿಗುತ್ತೆ," ಎಂದರು. "ಮೂರನೆಯದು ಇನ್ನೂ ಇಲ್ಲ."